ಕೊನೆಯ ಇಪ್ಪತ್ತು ಪುಟ

ಗಂಟಲ ಮೇಲೆ ಕತ್ತಿಯಿದ್ದರೂ ಪತ್ತೇದಾರಿ ಕಾದಂಬರಿಕಾರನ ಹಲ್ಲು ಒಳಗೆ ಹೋಗಲಿಲ್ಲ.

“ಬಾಯಿ ಮುಚ್ಚಿ ಸಾರ್, ನೊರೆ ಹೋಗುತ್ತೆ,” ಎಂದ ಕ್ಷೌರಿಕ. “ಏನು, ಬೆಳಬೆಳಗ್ಗೆ ಇಷ್ಟೊಂದು ಖುಷಿ?”

ಕಾದಂಬರಿಕಾರ ತನಗೆ ಹೊದಿಸಿದ್ದ ಬಟ್ಟೆಯಡಿಯಿಂದ ಪತ್ರಿಕೆ ಎಳೆದ. ನಲವತ್ತೊಂದು ಕಾದಂಬರಿಗಳಲ್ಲಿ ಅವನು ಕೆಡವಿದ ಹೆಣಗಳಲ್ಲಿ ಒಂದನ್ನೂ ಕಣ್ಣೆತ್ತಿ ನೋಡದಿದ್ದ ಹಿರಿಯ ವಿಮರ್ಶಕ, ನಲವತ್ತೆರಡನೆಯದರ ಮೇಲೆ ಅರ್ಧ ಪುಟ ಬರೆದಿದ್ದ. ಮನೆಯಲ್ಲಿ ಹೆಂಡತಿಗೆ ಅದನ್ನು ಮೂರು ಸಲ ಓದಿ ಹೇಳಿ, ನಾಲ್ಕನೆಯ ಸಲಕ್ಕೆ ಅವಳು ಮಿಕ್ಸಿ ಹಾಕಿದ ಮೇಲೆ ಇಲ್ಲಿಗೆ ಬಂದಿದ್ದ.

ಮೂಗಿನಲ್ಲಿ, ಸಭಾಧ್ಯಕ್ಷರ ಗತ್ತಿನಲ್ಲಿ, ವಿಮರ್ಶಕನ ದನಿಯನ್ನೇ ತಂದು ಓದಿದ: “‘ಇಲ್ಲಿ ಕೊಲೆ ಬರೀ ಕೊಲೆಯಲ್ಲ, ಕಲೆ, ಅದು... ಅಹಂ... ಅಸ್ತಿತ್ವದ ಆರ್ತನಾದ.’”

“ಯಾವ ಕಲೆ ಸಾರ್, ರಕ್ತದ್ದಾ?”

“ಅಲ್ಲಪ್ಪ, ಹೊಗಳಿಕೆ! ಆರ್ತನಾದ ಯಾಕೆ ಬಂತೋ ನಂಗೂ ಗೊತ್ತಿಲ್ಲ. ಆದ್ರೆ ಹೊಗಳಿಕೇನೇ.”

“ನಂಗಿನ್ನೂ ಇಪ್ಪತ್ತು ಪುಟ ಬಾಕಿ,” ಎಂದು ಕ್ಷೌರಿಕ ಕನ್ನಡಿಯ ಕೆಳಗಿದ್ದ ಅದೇ ಪುಸ್ತಕದತ್ತ ಗಲ್ಲ ಚಾಚಿದ. ಇಪ್ಪತ್ತೆರಡು ವರ್ಷಗಳಲ್ಲಿ ಈ ಲೇಖಕನ ಒಂದು ಪುಸ್ತಕವನ್ನೂ ಅವನು ಬಿಟ್ಟವನಲ್ಲ. “ಅದಕ್ಕಂತಲೇ ಮಧ್ಯಾಹ್ನ ಅಂಗಡಿ ಮುಚ್ತಿದ್ದೀನಿ. ಕೊಂದವನು ಆ ಭಾವಮೈದುನ ತಾನೆ? ಬೇಡ ಬೇಡ, ಹೇಳ್ಬೇಡಿ! ಹೇಳಿದ್ರೆ ಕತ್ತಿ ಜಾರುತ್ತೆ. ಹೂಂ, ಮುಂದೆ ಓದಿ.”

ಕಾದಂಬರಿಕಾರ ಮುಂದಿನ ಸಾಲು ನೋಡಿ ಅದರ ಮೇಲೆ ಬೆರಳಿಟ್ಟು ಮುಚ್ಚಿದ. ಇಡೀ ಲೇಖನದ ಕಿರೀಟವೇ ಆ ಸಾಲು. ಕೊಂದವರು ಯಾರೆಂಬುದೂ ಅದರಲ್ಲೇ ಇತ್ತು. ಪತ್ತೇದಾರಿ ಓದಿ ಅಭ್ಯಾಸವಿಲ್ಲದ ವಿಮರ್ಶಕನಿಗೆ, ಗುಟ್ಟು ಕಾಯಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

“ಅಷ್ಟೇ,” ಎಂದು ಪತ್ರಿಕೆ ಮಡಚಿದ.

“ಇಷ್ಟೇನಾ?” ಕ್ಷೌರಿಕ ಬಲಗೆನ್ನೆ ಮುಗಿಸಿ ಕತ್ತಿ ಒರೆಸಿದ. “ಇದಕ್ಕಾ ಈ ಕುಣಿದಾಟ? ಇಂಥದ್ದನ್ನ ಯಾರು ಬೇಕಾದ್ರೂ ಬರೀಬಹುದು ಬಿಡಿ. ಮಹಾ ಲೇಖಕ ಗೀಖಕ ಅಂತೇನೂ ಅಂದಿಲ್ವಲ್ಲ?”

ಕಾದಂಬರಿಕಾರನ ಹೊಟ್ಟೆಯಲ್ಲಿ ಆ ಸಾಲು ಒದೆಯತೊಡಗಿತು. ತುಟಿ ಕಚ್ಚಿ ನೋಡಿದ. ಕೈ ತಾನಾಗಿಯೇ ಪತ್ರಿಕೆ ಬಿಡಿಸಿತು.

“ಅಂದಿದ್ದಾರೆ! ಕೇಳಪ್ಪ: ‘ಸ್ವೆಟರ್ ಹೆಣೆಯುತ್ತ ಕೂತ ಆ ಅಜ್ಜಿಯೇ ಕೊಲೆಗಾತಿ ಎಂದು ತಿಳಿದ ಮೇಲೂ ನಾವು ಅವಳನ್ನು ಪ್ರೀತಿಸುವಂತೆ ಮಾಡುವುದು ಮಹಾ ಲೇಖಕರಿಗೆ ಮಾತ್ರ ಸಾಧ್ಯ!’ ಮಹಾ ಲೇಖಕ! ಕೇಳಿಸ್ತಾ?”

ಕ್ಷೌರಿಕನಿಗೆ ಕೇಳಿಸಿತ್ತು. ಅವನು ಕತ್ತಿ ಮಡಚಿಟ್ಟ. ಕೊರಳಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಎರಡು ಸಲ ಕೊಡವಿ, ಗೂಟಕ್ಕೆ ಹಾಕಿದ.

“ಅಯ್ಯೋ, ಎಡಗೆನ್ನೆ?”

“ಕೊನೆ ಗೊತ್ತಾದ್ಮೇಲೆ ಮುಗಿಸೋಕೆ ಮನಸ್ಸು ಬರಲ್ಲ ಸಾರ್. ಅದನ್ನ ಆ ವಿಮರ್ಶಕರ ಹತ್ರಾನೇ ಮಾಡಿಸ್ಕೊಳ್ಳಿ.”