ಎಡಭುಜದ ನೋವು

ಕಾರು ಸೇತುವೆಯ ತಡೆಗೋಡೆಗೆ ಗುದ್ದಿದಾಗ ಪದ್ಮಾಕ್ಷಿಗೆ ಮೇಲ್ನೋಟಕ್ಕೆ ಎಲ್ಲೂ ಗಾಯವಾಗಿರಲಿಲ್ಲ. ಮರುದಿನ ಬೆಳಿಗ್ಗೆ ಎಡಭುಜ ಮಾತ್ರ ವಿಪರೀತ ನೋಯುತ್ತಿತ್ತು.

"ದೊಡ್ಡಾಸ್ಪತ್ರೆಗೆ ಹೋಗೋಣ ರೀ, ಯಾಕೋ ತಲೇನೂ ಸುತ್ತುತ್ತಿದೆ," ಎಂದಳು.

"ಭುಜದ ನೋವಿಗೆ ಮೂಳೆ ಡಾಕ್ಟರು ಸಾಕು," ಎಂದು ಗಂಡ ಲೋಕೇಶಪ್ಪ ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದ. ಸರದಿ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಅವಳು ಬೆವರುತ್ತ ಗೋಡೆಗೊರಗಿ ಕೂತಿದ್ದಳು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿದರು. "ಭುಜಕ್ಕೆ ಏನೂ ಆಗಿಲ್ಲ."

"ಸದ್ಯ, ಬದುಕಿದ್ವಿ," ಎಂದ ಲೋಕೇಶಪ್ಪ.

ಡಾಕ್ಟರು ಅವಳ ಎಡಪಕ್ಕೆಯ ಕೆಳಗೆ ಮೆಲ್ಲನೆ ಬೆರಳೊತ್ತಿದರು. ಅವಳು ಚೀರಿದಳು.

"ಆಂಬುಲೆನ್ಸ್ ಕರೀರಿ," ಎಂದು ನರ್ಸಿಗೆ ಹೇಳಿ ಲೋಕೇಶಪ್ಪನ ಕಡೆ ತಿರುಗಿದರು. "ಪೆಟ್ಟು ಬಿದ್ದಿರೋದು ಒಳಗೆ, ಅದರ ನೋವು ಭುಜದಲ್ಲಿ ಕಾಣಿಸ್ಕೊಳ್ತಿದೆ ಅಷ್ಟೇ. ನಿನ್ನೆಯಿಂದ ಹೊಟ್ಟೆಯೊಳಗೆ ರಕ್ತ ಸೋರ್ತಿದೆ."