ಹೊಗೆಗೂಡಿನ ಸಡಿಲ ಕಲ್ಲು

ಇಂಗ್ಲೆಂಡಿನಿಂದ ಬಂದ ಮೇಡಂ ನೆಟ್ಟಗೆ ಹೊಗೆಗೂಡಿನ ಹತ್ತಿರವೇ ಹೋದದ್ದು ಕಂಡು ಲಕ್ಷ್ಮವ್ವನ ಎದೆ ಧಸಕ್ಕೆಂದಿತು. ಇಷ್ಟು ದೊಡ್ಡ ಊರಿನಲ್ಲಿ ಆಕೆಗೆ ನೋಡಲು ಬೇರೇನೂ ಸಿಗಲಿಲ್ಲವೇ?

ಊರೆಂದರೆ ನಿಜವಾದ ಊರಲ್ಲ. ಫೋಂಡಾದಾಚೆಯ ಗೇರುಗುಡ್ಡದಲ್ಲಿ ಈರೇಶ ಸಾಹುಕಾರರು ಕಟ್ಟಿಸುತ್ತಿದ್ದ ರೆಸಾರ್ಟು. ಇಂಗ್ಲೆಂಡಿನ ಯಾವುದೋ ಹಳೆಯ ಹಳ್ಳಿಯ ಪಡಿಯಚ್ಚು: ಪುಟ್ಟ ಚರ್ಚು, ಬಾತುಕೋಳಿಯ ಕೊಳ, ಕಲ್ಲಿನ ಮನೆಗಳು. ಬೆವರು ಕಿತ್ತು ಬರುವ ಗೋವೆಯಲ್ಲಿ ಮನೆಮನೆಗೂ ಚಳಿ ಕಾಯಿಸುವ ಒಲೆ, ಅದಕ್ಕೊಂದು ಹೊಗೆಗೂಡು! ದುಡ್ಡಿದ್ದವರ ಹುಚ್ಚಿಗೆ ಮದ್ದಿಲ್ಲ ಎಂದು ಲಕ್ಷ್ಮವ್ವ ನಕ್ಕಿದ್ದಳು.

ಆ ಹಳ್ಳಿಯಲ್ಲೇ ಹುಟ್ಟಿದ ಮೇಡಂ ಈ ಮೊದಲ ಮನೆಯನ್ನು ಒಪ್ಪಿದರೆ ಉಳಿದವುಗಳ ಕೆಲಸವೂ ಲಕ್ಷ್ಮವ್ವನ ಗಂಡ ಯಮನೂರ ಗೌಂಡಿಗೇ. ಸಾಹುಕಾರರ ಕರಾರು ಒಂದೇ: "ಎಲ್ಲಾ ಅವರ ಊರಿನಂಗ ಇರಬೇಕು. ನಿಮ್ಮ ಲಿಂಬಿಹಣ್ಣು, ದೃಷ್ಟಿಗೊಂಬಿ ಏನರ ಕಂಡ್ವೋ, ಗಂಟುಮೂಟಿ ಕಟ್ರಿ."

ಲಕ್ಷ್ಮವ್ವ ಲಿಂಬೆಹಣ್ಣು ಕಟ್ಟಲಿಲ್ಲ. ಆದರೆ ಯಮನೂರ ಗೋಡೆಗೆ ಕಟ್ಟಿದ್ದ ಬೊಂಬಿನ ಪರಾಂಚಿಯಿಂದ ಜಾರಿ ಬಿದ್ದು ಬದುಕಿದ ದಿನ, ಅವನ ಹರಕು ಚಪ್ಪಲಿಯೊಂದನ್ನು ಹೊಗೆಗೂಡಿನ ಸಡಿಲ ಕಲ್ಲಿನ ಹಿಂದೆ ತುರುಕಿದ್ದಳು. ಕಟ್ಟುವ ಮನೆಗೆ ಹಳೆಯ ಚಪ್ಪಲಿಯಿಲ್ಲದಿದ್ದರೆ ಕೆಟ್ಟ ಕಣ್ಣು ಬಿಟ್ಟೀತೇ?

"ಮೇಡಂ ಏನಂದ್ರೀ?" ಯಮನೂರ ಸಾಹುಕಾರರನ್ನು ಕೇಳಿದ.

"ಥೇಟ್ ಅವರ ಅಜ್ಜಿ ಮನಿಯಂಗೇ ಐತಂತ, ಹೊಗೆಗೂಡು ಸೈತ. ಆ ಮನಿ ಹೋದ ವರ್ಷ ಕೆಡವಿದ್ರಂತ. ಆದ್ರ ಇಲ್ಲಿ ಒಂದು ಕಮ್ಮಿ ಐತಿ ಅಂತಾರ. ಏನು ಅಂದ್ರ ಹೇಳವಲ್ರು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ಲಕ್ಷ್ಮವ್ವ ಸೆರಗು ಸರಿಮಾಡಿಕೊಂಡಳು. ಕಮ್ಮಿಯಲ್ಲ, ಒಂದು ಹೆಚ್ಚೇ ಇದೆ ಎಂಬುದು ಅವಳಿಗಷ್ಟೇ ಗೊತ್ತು.

ಎಲ್ಲರೂ ಊಟಕ್ಕೆ ಹೋದದ್ದೇ ತಡ, ಚಪ್ಪಲಿ ತೆಗೆಯಲು ಓಡಿದಳು. ಬಾಗಿಲಲ್ಲೇ ಕಾಲು ನಿಂತವು. ಒಳಗೆ ಮೇಡಂ! ಬೆಳಗಿನಿಂದ ಯಾರ ಕೈಗೂ ಕೊಡದ ಬಟ್ಟೆಚೀಲವನ್ನು ಅವುಚಿಕೊಂಡು, ಕಳ್ಳಬೆಕ್ಕಿನಂತೆ ಆಚೀಚೆ ನೋಡುತ್ತ, ಹೊಗೆಗೂಡಿನ ಕಲ್ಲುಗಳನ್ನು ತಟ್ಟುತ್ತಿದ್ದಾಳೆ. ಸಡಿಲ ಕಲ್ಲು ಸಿಕ್ಕೇಬಿಟ್ಟಿತು. ಕೈ ಹಾಕಿ ಎಳೆದರೆ, ಯಮನೂರನ ಚಪ್ಪಲಿ.

"ತಪ್ಪಾತ್ರೀ ಬಾಯಾರ," ಲಕ್ಷ್ಮವ್ವ ಕೈಮುಗಿದಳು. "ಗಂಡ ಬಿದ್ದಿದ್ದ, ದೃಷ್ಟಿ ತಾಗಬಾರದಂತ ನಾನ ಇಟ್ಟೆ. ಸಾಹುಕಾರ್ರಿಗೆ ಹೇಳಬ್ಯಾಡ್ರಿ. ನಮ್ಮ ಹೊಟ್ಟಿ ಮ್ಯಾಲ ಹೊಡಿಬ್ಯಾಡ್ರಿ."

ಮೇಡಂಗೆ ಒಂದಕ್ಷರವೂ ತಿಳಿಯಲಿಲ್ಲ. ಚಪ್ಪಲಿ ನೋಡಿದಳು, ಲಕ್ಷ್ಮವ್ವನನ್ನು ನೋಡಿದಳು. ಮುಖ ಕೆಂಪಗಾಯಿತು. ಚೀಲಕ್ಕೆ ಕೈ ಹಾಕಿದಳು. ಫೋನ್ ತೆಗೆದು ಸಾಹುಕಾರರನ್ನು ಕರೆಯುತ್ತಾಳೆ, ಮುಗಿಯಿತು ನಮ್ಮ ಕಥೆ ಎಂದು ಲಕ್ಷ್ಮವ್ವ ಕಣ್ಣು ಮುಚ್ಚಿದಳು.

ಕಣ್ಣು ತೆರೆದಾಗ, ಎಷ್ಟೋ ವರ್ಷಗಳ ಹೊಗೆಮಸಿ ಮೆತ್ತಿದ ಒಂಟಿ ಬೂಟೊಂದನ್ನು ಮೇಡಂ ಯಮನೂರನ ಚಪ್ಪಲಿಯ ಪಕ್ಕಕ್ಕಿಟ್ಟು, ಕಲ್ಲು ಮುಚ್ಚಿ, ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಳು.