ಗೋಡೆ ಸಿಗುವುದು ಸತ್ತವರಿಗೆ

ಓಡೆಲ್ ಬ್ರೇಕ್ ಒತ್ತಿದ ರಭಸಕ್ಕೆ ಡ್ವೈಟ್‌ನ ಹಣೆ ಕಾರಿನ ಮುಂದಿನ ಗಾಜಿಗೆ ಬಡಿಯಿತು.

"ಏನಾಯ್ತೋ ನಿಂಗೆ?"

ಓಡೆಲ್ ಬೆರಳು ತೋರಿಸಿದ. ಪಕ್ಕದ ಮನೆ ಕೆಡವಿದ ಮೇಲೆ ಬೆತ್ತಲಾಗಿ ನಿಂತಿದ್ದ ಮೂರು ಮಹಡಿಯ ಗೋಡೆ. ಅದರ ತುಂಬ ಬಣ್ಣದಲ್ಲಿ ಬರೆದ ಒಂದು ಮುಖ, ಥೇಟ್ ಓಡೆಲ್‌ನದು. ಅಗಲ ಮೂಗು, ಕುಳಿ ಬಿದ್ದ ಗದ್ದ, ಹಣೆಯ ಮೇಲೆ ಕರಿಗೂದಲ ನಡುವೆ ಒಂದು ಬಿಳಿಯ ಪಟ್ಟೆ.

ಡ್ವೈಟ್ ಹಣೆ ಉಜ್ಜಿಕೊಳ್ಳುತ್ತ ನೋಡಿದ. "ಗುರೂ, ಸತ್ತೋಗಿದ್ದೀಯ, ನಂಗೊಂದು ಮಾತು ಹೇಳ್ಬಾರ್ದಾ?" ತಾನೇ ನಕ್ಕ. ಆಮೇಲೆ ನಗು ನಿಂತಿತು.

ಉತ್ತರ ಫಿಲಡೆಲ್ಫಿಯಾದ ಈ ಬೀದಿಗಳಲ್ಲಿ ಗೋಡೆ ಸಿಗುವುದು ಸತ್ತವರಿಗೆ ಮಾತ್ರ. ಬದುಕಿರುವವನ ಮುಖ ಗೋಡೆಯ ಮೇಲೆ ಬಂದದ್ದು ಒಂದೇ ಸಲ. ರೇಮಂಡ್ ಎಂಬವನದು. ಸೋಮವಾರ ಲಾಂಡ್ರಿಯ ಗೋಡೆಯ ಮೇಲೆ ಅವನ ಮುಖ ಬಂತು. ಬುಧವಾರ ಅದೇ ಗೋಡೆಯ ಬುಡದಲ್ಲಿ ಅವನು ಬಿದ್ದಿದ್ದ, ಕುತ್ತಿಗೆಯಲ್ಲಿ ಎರಡು ಗುಂಡು. ಬರೆಸಿದವನೂ ಕೊಲ್ಲಿಸಿದವನೂ ಈ ಬೀದಿಗಳ ರೌಡಿ ಸೈಲಸ್.

ಆ ಸೈಲಸ್‌ನ ತಮ್ಮನ ಮೊಣಕಾಲು ಒಡೆದು ಓಡೆಲ್ ಮೂರು ವಾರ ನದಿಯಾಚೆ ತಲೆಮರೆಸಿಕೊಂಡಿದ್ದ. ಇವತ್ತೇ ವಾಪಸು ಬಂದಿದ್ದ.

ಬಿಳಿಯ ಪಟ್ಟೆ ಅವನಿಗೆ ಹುಟ್ಟಿನಿಂದ ಇತ್ತು. ವರ್ಷಕ್ಕೊಂದು ಊರು ಬದಲಿಸುತ್ತಿದ್ದ ಅಮ್ಮ ಅರ್ನೆಟ್ಟಾ ಅವನು ಎದೆಮಟ್ಟ ಬೆಳೆಯುವವರೆಗೂ ಅದಕ್ಕೆ ಕಪ್ಪು ಬಳಿದಳು. ಯಾಕೆ ಎಂದು ಕೇಳಿದರೆ ಕಪಾಳಕ್ಕೆ ಬೀಳುತ್ತಿತ್ತು. ಸಾಯುವಾಗ, ಫಿಲಡೆಲ್ಫಿಯಾಕ್ಕೆ ಮಾತ್ರ ಕಾಲಿಡಬೇಡ ಎಂದಳು. ಬೇಡ ಎಂದಳೆಂದೇ ಅವನು ಬಂದ. ಬಂದ ಮೇಲೆ ಉಣ್ಣೆಯ ಟೋಪಿ ತಲೆಯಿಂದ ಇಳಿಸಲಿಲ್ಲ. ಅದಿಲ್ಲದೆ ಅವನನ್ನು ಇಲ್ಲಿ ಕಂಡವರು ಇಬ್ಬರೇ. ಡ್ವೈಟ್ ಒಬ್ಬ. ಇನ್ನೊಬ್ಬ, ಒಂದೇ ಜೈಲುಕೋಣೆಯಲ್ಲಿ ಏಳು ತಿಂಗಳು ಜೊತೆಗಿದ್ದ ಸೈಲಸ್.

"ನೀನು ಇಲ್ಲೇ ಇರು," ಎಂದು ಓಡೆಲ್ ಇಳಿದ.

ಗೋಡೆಯ ಬುಡಕ್ಕೆ ಆಳೆತ್ತರದ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟಿದ್ದರು. ಅದನ್ನು ಕಟ್ಟಿದ ಹಗ್ಗ ಮೇಲೆ ಅಟ್ಟಣಿಗೆಯ ಕಂಬಿಗೆ ಬಿಗಿದಿತ್ತು. ಅಲ್ಲೇ, ಮೂರನೆಯ ಮಹಡಿಯ ಎತ್ತರದಲ್ಲಿ, ಕೆಲಸ ಮಾಡುತ್ತಿದ್ದ ಮುದುಕ ಬಗ್ಗಿ ನೋಡಿದ.

"ಹುಷಾರು ಮಗಾ, ಏಣಿ ಅಲ್ಲಾಡುತ್ತೆ."

"ಯಾರೋ ಬರಿ ಅಂದಿದ್ದು ಇದನ್ನ?" ಓಡೆಲ್ ಏಣಿ ಹತ್ತಿ ಅಟ್ಟಣಿಗೆಯ ಹಲಗೆಯ ಮೇಲೆ ಕಾಲಿಟ್ಟು ಕೇಳಿದ.

"ಈ ಬೀದಿಯವರೇ. ಮನೆಮನೆಗೂ ಹೋಗಿ ಕೇಳ್ದೆ. ಎಲ್ರೂ 'ಕ್ಲೀಟಸ್, ಇವನನ್ನೇ ಬರಿ' ಅಂದ್ರು."

"ಎಲ್ರೂನಾ?"

"ಒಬ್ರೂ ಬೇಡ ಅನ್ಲಿಲ್ಲ. ಭಾನುವಾರ ಪಾದ್ರಿಗಳು ಬರ್ತಾರೆ. ಹೂವು, ಹಾಡು, ಊಟ, ಎಲ್ಲಾ ಇದೆ. ನೀನೂ ಬಾ."

ಭಾನುವಾರಕ್ಕೆ ಇನ್ನು ಎರಡು ದಿನ. ಓಡೆಲ್‌ಗೆ ಇನ್ನೂ ಇಪ್ಪತ್ತೆಂಟು ವರ್ಷ. ಗುಂಡು ಯಾವ ಕಡೆಯಿಂದ ಬರುತ್ತದೋ ಎಂದು ಬೆನ್ನು ಆಗಲೇ ಜುಮ್ಮೆನ್ನುತ್ತಿತ್ತು. ಮುಖ ಅಳಿಸಿದರೆ ಬದುಕಬಹುದು. ಬರೆದ ಕೈ ಮುರಿದರೆ ಸೈಲಸ್‌ಗೆ ಉತ್ತರವೂ ಮುಟ್ಟುತ್ತದೆ.

"ಅಳಿಸು."

ಮುದುಕ ನಕ್ಕ. "ಮೂರು ವಾರದ ಕೆಲ್ಸ ಕಣಪ್ಪಾ. ಮಂಡಿ ಸವೆದು ಹೋಗಿದೆ. ಕೊಂದ್ರೂ ಅಳಿಸಲ್ಲ."

ಬಣ್ಣ ಬಳಿಯುವ ರೋಲರಿನ ಉದ್ದನೆಯ ಕೋಲು ಓಡೆಲ್‌ನ ಕೈಗೆ ಬಂತು. ಮೊದಲ ಏಟಿಗೆ ಬಣ್ಣದ ಡಬ್ಬಿಗಳು ಉರುಳಿದವು. ಎರಡನೆಯದಕ್ಕೆ ಮುದುಕನ ಮಣಿಕಟ್ಟು ಒಣಕಡ್ಡಿಯಂತೆ ಲಟಕ್ಕೆಂದಿತು. ಮೂರನೆಯದು ಬಾಯಿಗೆ ಬಿತ್ತು. ಮುದುಕ ಎಡಗೈಯಿಂದ ಓಡೆಲ್‌ನ ತಲೆಯನ್ನೇ ತಬ್ಬಿ ಜೋತುಬಿದ್ದ. ಟೋಪಿ ಅವನ ಕೈಯಲ್ಲಿ ಕಿತ್ತು ಬಂತು.

ಮುದುಕನ ಹಿಡಿತ ಸಡಿಲಿತು. ಗೋಡೆ ನೋಡಿದ, ಓಡೆಲ್‌ನನ್ನು ನೋಡಿದ. ರಕ್ತ ತುಂಬಿದ ಬಾಯಲ್ಲಿ ನಗುವಿನಂಥದ್ದೇನೋ ಮೂಡಿತು.

"ನಿನ್ನ ತಾಯಿ ಯಾರಪ್ಪಾ?"

ತಾಯಿಯ ಹೆಸರೆತ್ತಿ ಆಡಿಕೊಳ್ಳುವುದು ಇಲ್ಲಿಯ ಹುಡುಗರ ಆಟ. ಆಟ ಮುಗಿಯುವಾಗ ಯಾರದಾದರೂ ಹಲ್ಲು ನೆಲದಲ್ಲಿರುತ್ತದೆ. ಓಡೆಲ್ ಆ ಆಟವನ್ನು ಯಾವತ್ತೂ ಆಡಿದವನಲ್ಲ.

"ಇನ್ನೊಂದ್ಸಲ ಅನ್ನು."

"ತಾಯಿ ಹೆಸರು ಹೇಳೋ," ಎಂದ ಮುದುಕ. ಕಣ್ಣಲ್ಲಿ ನೀರಿತ್ತು. "ಒಂದೇ ಒಂದ್ಸಲ ಹೇಳು, ಸಾಕು."

ಓಡೆಲ್ ಎದೆಗೆ ಒದ್ದ.

ಬೀಳುತ್ತ ಮುದುಕ ಹಗ್ಗಕ್ಕೆ ಕೈ ಚಾಚಿದ. ಹಗ್ಗ ಹಿಡಿತಕ್ಕೆ ಸಿಕ್ಕಿತು, ಕಿತ್ತೂ ಹೋಯಿತು. ಪ್ಲಾಸ್ಟಿಕ್ ಹಾಳೆ ಪೂರ್ತಿ ಅವನ ಜೊತೆ ಕೆಳಗಿಳಿದು, ಇಟ್ಟಿಗೆಯ ರಾಶಿಯ ಮೇಲೆ ಅವನನ್ನು ಮುಚ್ಚಿತು. ಒಳಗಿನಿಂದ ಕೆಂಪು ಹರಡಿತು. ಹಾಳೆ ಎರಡು ಸಲ ಉಬ್ಬಿ ಇಳಿಯಿತು. ಮೂರನೆಯ ಸಲ ಉಬ್ಬಲಿಲ್ಲ.

ಓಡೆಲ್ ಇಳಿದು ಬಂದಾಗ ಡ್ವೈಟ್ ಕಾರಿನಿಂದಾಚೆ ನಿಂತಿದ್ದ. ಹೆಣದ ಕಡೆ ನೋಡುತ್ತಿರಲಿಲ್ಲ. ಗೋಡೆಯ ಬುಡದಲ್ಲಿ ಬಯಲಾದ ಅಕ್ಷರಗಳನ್ನು ತುಟಿಯಲ್ಲೇ ಓದುತ್ತಿದ್ದ.

"ಗುರೂ," ಎಂದ. "ಇದು ನೀನಲ್ಲ ಕಣೋ."

ಎಜ್ರಾ ಟಾಲ್ಬರ್ಟ್, 1938–1969. ಬಾಡಿಗೆಮನೆಗಳ ಬಡವರ ಪರ ನಿಂತು, ತನ್ನ ಮನೆಬಾಗಿಲಲ್ಲೇ ಗುಂಡಿಗೆ ಬಲಿಯಾದ ನಮ್ಮ ಮುಂದಾಳು.

ಅದರ ಕೆಳಗೆ, ಸಣ್ಣ ಅಕ್ಷರಗಳಲ್ಲಿ: ತುಂಬು ಬಸುರಿಯಾಗಿ ಅಂದೇ ಊರು ಬಿಟ್ಟ ಅರ್ನೆಟ್ಟಾ, ಮಗುವನ್ನು ಕರೆದುಕೊಂಡು ಮನೆಗೆ ಬಾ, ಇಲ್ಲಿ ಈಗ ಕೊಲ್ಲುವವರು ಯಾರೂ ಉಳಿದಿಲ್ಲ.